ಹಗುರಾದ ದಿನವೇ ಅವಳಿಗೆ ಕಂಟಕವಾಗಿತ್ತು

(ನಾನು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ, ಕೊಡುವವಳು. ನನ್ನ ಬಳಿ ಬಂದ ಹುಡುಗಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಳಂದ ಕಡೆಯ ಹಳ್ಳಿಯ ಹುಡುಗಿ, ವಯಸ್ಸು 19. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಾಳೆ. ಡೆಂಗಿ ಬಂದು ಹೋಗಿ ಎಂಟು ತಿಂಗಳಾಗಿದ್ದರೂ ಸುಸ್ತು ಬಿಟ್ಟಿರಲಿಲ್ಲ. ಎಷ್ಟು ಮಲಗಿದರೂ ಅಷ್ಟೇ. ಕ್ಲಾಸು ತಪ್ಪುತ್ತಿದ್ದವು, ಗೆಳತಿಯರ ಜೊತೆ ಮಾತು ನಿಂತಿತ್ತು, ಸುಮ್ನೆ ಅಳು ಬರುತ್ತಿತ್ತು. ಜೊತೆಗೆ ಬಂದಿದ್ದ ಅಪ್ಪ ಕೇಳಿದರು: "ಹೊಲದಾಗ ದುಡಿಯೋ ನಮಗೇ ಇಲ್ಲದ ದಣಿವು, ಕುಂತು ಓದೋ ಹುಡುಗಿಗಿ ಹ್ಯಾಂಗ ಬರ್ತದ್ರಿ ಮೇಡಂ?" ಹುಡುಗಿ ತಲೆ ಎತ್ತಲಿಲ್ಲ.

ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡದೆ ದಣಿವನ್ನು ಮನಸ್ಸಿನ ಮೇಲೆ ಹೊರಿಸಬಾರದು. ಅವೆಲ್ಲ ಸರಿಯಿದ್ದವು. ದೀರ್ಘಕಾಲದ ದಣಿವಿನ ಕಾಯಿಲೆ, ಜೊತೆಗೆ ಖಿನ್ನತೆ ಎಂದು ವೈದ್ಯರು ಹೇಳಿದ್ದರು. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ.

ಎರಡು ವಾರ ಡೈರಿ ಬರೆಸಿದೆ. ಒಂದು ಭಾನುವಾರ ಮೈ ಹಗುರ ಅನ್ನಿಸಿತ್ತು. ಅಂದೇ ವಾರದ ಬಟ್ಟೆಯೆಲ್ಲ ಒಗೆದು, ತಪ್ಪಿದ ನೋಟ್ಸು ಬರೆದು, ರಾತ್ರಿ ಹನ್ನೊಂದರವರೆಗೆ ಓದಿದ್ದಳು. ಮಂಗಳವಾರ, ಬುಧವಾರ ಹಾಸಿಗೆ ಬಿಟ್ಟಿರಲಿಲ್ಲ. ಆ ಎರಡು ದಿನದ ಮುಂದೆ ಬರೆದದ್ದು ಒಂದೇ ಮಾತು: "ನಾನು ಮೈಗಳ್ಳಿ."

ಬರೀ ಖಿನ್ನತೆಯಾಗಿದ್ದರೆ "ಏಳು, ಓಡಾಡು" ಎಂದು ಹುರಿದುಂಬಿಸುತ್ತಿದ್ದೆ. ಈ ದಣಿವಿನಲ್ಲಿ ಹಾಗೆ ದೂಡಿದರೆ ಒಂದೆರಡು ದಿನ ಬಿಟ್ಟು ಮೈ ಕುಸಿಯುತ್ತದೆ. ಹಾಗಂತ ಸದಾ ಮಲಗಿಯೇ ಇದ್ದರೆ ಮನಸ್ಸು ಇನ್ನೂ ಕುಗ್ಗುತ್ತದೆ. ಎರಡೂ ಒಟ್ಟಿಗಿದ್ದಾಗ ಅಳತೆ ಬಹಳ ಮುಖ್ಯ, ಅಲ್ವಾ?

"ಹಗುರಾದ ದಿನವೂ ಅಳತೆ ಮೀರಬೇಡವ್ವಾ" ಎಂದೆ. ಓದು 20 ನಿಮಿಷ, ಆಮೇಲೆ ಫೋನಿಲ್ಲದ ವಿಶ್ರಾಂತಿ. ಬಟ್ಟೆ ದಿನಕ್ಕೆರಡೇ, ಅದೂ ಬಿಸಿಲೇರುವ ಮೊದಲು. ದಿನಕ್ಕೊಂದು ಖುಷಿ ಕೊಡುವ ಸಣ್ಣ ಕೆಲಸ. ಅವಳು ಆರಿಸಿದ್ದು ಸಂಜೆ ಅವ್ವನಿಗೆ ಫೋನ್ ಮಾಡುವುದನ್ನು. ಬಳಿಕ ಆ "ಮೈಗಳ್ಳಿ" ಮಾತನ್ನು ಡೈರಿಯ ಪಕ್ಕದಲ್ಲಿಟ್ಟು ನೋಡಿದೆವು. ಮೈಗಳ್ಳಿ ಭಾನುವಾರ ಅಷ್ಟು ಕೆಲಸ ಮಾಡುತ್ತಾಳಾ? ಬಹಳ ಹೊತ್ತು ಸುಮ್ಮನಿದ್ದು, ಕೆಳಗೆ ಬರೆದಳು: "ನನಗ ಕೆಲಸ ಬ್ಯಾಡಾಗಿಲ್ಲ, ಮೈಯಾಗ ತ್ರಾಣ ಇಲ್ಲ."

ಅಪ್ಪನಿಗೆ ಹೇಳಿದ್ದು ಇಷ್ಟೇ: ಮಲಗಿದಾಗ ಬೈಯಬೇಡಿ, ಎದ್ದಾಗ ಇನ್ನಷ್ಟು ಮಾಡು ಎನ್ನಬೇಡಿ.

ಸಿಬಿಟಿ ಈ ದಣಿವನ್ನು ವಾಸಿ ಮಾಡುವ ಮದ್ದಲ್ಲ. ವೈದ್ಯರಿಗೆ ಚಿಕಿತ್ಸೆಯ ಮಾರ್ಗ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಹತ್ತು ಭೇಟಿಗಳ ನಂತರವೂ ಅವಳ ಸುಸ್ತು ಪೂರ್ತಿ ಹೋಗಿಲ್ಲ. ಅಳು ಕಡಿಮೆಯಾಗಿದೆ, ಹಾಸಿಗೆ ಹಿಡಿಯುವ ದಿನಗಳೂ ಕಡಿಮೆಯಾಗಿವೆ. ಈ ಸಲ ಆರರಲ್ಲಿ ಮೂರು ಪೇಪರ್ ಮಾತ್ರ ಬರೆಯುತ್ತಾಳೆ. ಅದನ್ನು ಕಾಲೇಜಿಗೆ ಹೋಗಿ ಹೇಳಿ ಬಂದವರು ಅವಳ ಅಪ್ಪ.