ಕಲಾ ಪ್ರಶ್ನೋತ್ತರ: ಪೇಸ್ಟಲ್ ಚಿತ್ರ ಮತ್ತು ಹೋಲಿಕೆಯ ಹಂಗು

ಪ್ರಶ್ನೆ: ಮಾನ್ಯರೇ, ನಾನು ಶಿಡ್ಲಘಟ್ಟದ ಗೃಹಿಣಿ. ಮಕ್ಕಳು ಓದಿಗೆಂದು ಊರು ಬಿಟ್ಟ ಮೇಲೆ ಸಾಫ್ಟ್ ಪೇಸ್ಟಲ್ ಎಂಬ ಪುಡಿಬಣ್ಣದ ಕಡ್ಡಿಗಳಲ್ಲಿ ಚಿತ್ರ ಬರೆಯುವುದನ್ನು ರೂಢಿಸಿಕೊಂಡಿದ್ದೇನೆ. ಮೊಬೈಲ್‌ನಲ್ಲಿ ತೆಗೆದ ಫೋಟೊದ ಮೇಲೆ ಚೌಕ ಹಾಕಿಕೊಂಡು, ಅದನ್ನೇ ಕಾಗದಕ್ಕೆ ಇಳಿಸಿ, ಬೆರಳಿನಿಂದಲೂ ಹತ್ತಿ ಸುತ್ತಿದ ಕಡ್ಡಿಯಿಂದಲೂ ತೀಡಿ ನಯ ಮಾಡುತ್ತೇನೆ. ಈಚೆಗೆ ನಮ್ಮೂರಿನ ರೇಷ್ಮೆಗೂಡು ಮಾರುಕಟ್ಟೆಯ ದೃಶ್ಯವೊಂದನ್ನು ಬರೆದಾಗ ನೋಡಿದವರೆಲ್ಲ ಥೇಟ್ ಫೋಟೊದಂತಿದೆ ಎಂದು ಮೆಚ್ಚಿಕೊಂಡರು. ಹಿರಿಯ ಕಲಾವಿದರೊಬ್ಬರು ಮಾತ್ರ, ಹಾಗಾದರೆ ಫೋಟೊವನ್ನೇ ನೋಡಿದರೆ ಸಾಕಲ್ಲ ಎಂದರು. ಹೋಲಿಕೆಯನ್ನು ಬಿಟ್ಟು ಮನಸ್ಸಿಗೆ ಬಂದ ಬಣ್ಣ ಹಚ್ಚಿದರೆ ಚಿತ್ರ ಸುಳ್ಳೆನಿಸುತ್ತದೆ, ಹೋಲಿಕೆಯನ್ನೇ ಹಿಡಿದು ಕೂತರೆ ನಕಲಾಗುತ್ತದೆ. ನಾನು ಯಾವ ದಾರಿ ಹಿಡಿಯಬೇಕು? ಚಿತ್ರದ ಒಂದು ಪ್ರತಿಯನ್ನು ಪತ್ರದ ಜತೆಗೆ ಇರಿಸಿದ್ದೇನೆ.
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಹೋಲಿಕೆಯನ್ನು ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ವಸ್ತುವಿನ ಅಳತೆ, ಅದರ ಓರೆ, ಅದರ ನೆರಳು ಬೀಳುವ ಜಾಗ ಇವೆಲ್ಲ ಕೈಗೆ ಹತ್ತುವುದಕ್ಕೆ ವರ್ಷಗಳ ದುಡಿಮೆ ಬೇಕು, ಮತ್ತು ಆ ದುಡಿಮೆ ನಿಮ್ಮ ಚಿತ್ರದಲ್ಲಿ ಎದ್ದು ಕಾಣುತ್ತದೆ. ನಮ್ಮ ಪರಂಪರೆ ಚಿತ್ರಕಲೆಗೆ ಆರು ಅಂಗಗಳನ್ನು ಹೇಳುತ್ತದೆ: ರೂಪಭೇದ (ಆಕಾರಗಳ ವ್ಯತ್ಯಾಸ), ಪ್ರಮಾಣ (ಅಳತೆ), ಭಾವ, ಲಾವಣ್ಯಯೋಜನೆ (ಚೆಲುವನ್ನು ತುಂಬುವುದು), ಸಾದೃಶ್ಯ (ಹೋಲಿಕೆ), ವರ್ಣಿಕಾಭಂಗ (ಬಣ್ಣಗಳ ಹಂಚಿಕೆ). ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಬರುವ ಈ ಪಟ್ಟಿಯಲ್ಲಿ ಹೋಲಿಕೆಗೂ ಸ್ಥಾನವಿದೆ, ಆದರೆ ಅದು ಆರರಲ್ಲಿ ಒಂದು. ನಿಮ್ಮ ಮಾರುಕಟ್ಟೆಯ ಚಿತ್ರದಲ್ಲಿ ಪ್ರಮಾಣವೂ ಸಾದೃಶ್ಯವೂ ಚೆನ್ನಾಗಿ ಬಂದಿವೆ. ಭಾವವನ್ನು ತುಂಬುವ ಕೆಲಸವನ್ನೂ ಬಣ್ಣವನ್ನು ಹಂಚುವ ಕೆಲಸವನ್ನೂ ನೀವು ಮೊಬೈಲಿಗೆ ಒಪ್ಪಿಸಿಬಿಟ್ಟಿದ್ದೀರಿ ಎಂಬುದು ನನ್ನ ಅಭಿಪ್ರಾಯ.

ಮೊಬೈಲ್ ಕ್ಯಾಮೆರಾ ದೃಶ್ಯವನ್ನು ತನ್ನ ಲೆಕ್ಕದಲ್ಲಿ ತೂಗಿ ನಿಮ್ಮ ಕೈಗಿಡುತ್ತದೆ. ಬಾಗಿಲಿನ ಬಿಸಿಲಿಗೆ ಹೊಂದಿಕೊಂಡರೆ ಒಳಗಿನ ನೆರಳೆಲ್ಲ ಕಪ್ಪಾಗುತ್ತದೆ, ಒಳಗಿನ ನೆರಳಿಗೆ ಹೊಂದಿಕೊಂಡರೆ ಬಾಗಿಲು ಪೂರ್ತಿ ಬಿಳಿಚಿಕೊಳ್ಳುತ್ತದೆ, ಎರಡನ್ನೂ ಸರಿದೂಗಿಸಲು ಹೊರಟರೆ ಇಡೀ ದೃಶ್ಯ ಒಂದೇ ಸಮನಾಗಿ ಚಪ್ಪಟೆಯಾಗುತ್ತದೆ. ಅದರ ಮಸೂರದ ನೋಟ ಅಗಲವಾದುದರಿಂದ ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಕಿರಿದಾಗಿಯೂ ಬೀಳುತ್ತದೆ. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ನಿಂತವರಿಗೆ ಎದುರಿಗೇ ಎದ್ದು ನಿಂತಂತೆ ಕಾಣುವ, 1,478 ಮೀಟರ್ ಎತ್ತರದ ನಂದಿಬೆಟ್ಟವು ಫೋಟೊದಲ್ಲಿ ಒಂದು ದಿಬ್ಬದಷ್ಟಾಗಿರುವುದನ್ನು ನೀವೂ ಗಮನಿಸಿರಬಹುದು. ಕಣ್ಣು ಹೀಗೆ ನೋಡುವುದಿಲ್ಲ. ಅದು ತನಗೆ ಬೇಕಾದ ಕಡೆ ನಿಲ್ಲುತ್ತದೆ, ಬೇಡವಾದುದನ್ನು ದಾಟಿಹೋಗುತ್ತದೆ, ನೆರಳಿನೊಳಗೆ ಇಣುಕಿ ಅಲ್ಲಿಯ ನೀಲಿಯನ್ನೋ ನೇರಳೆಯನ್ನೋ ಕಂಡುಕೊಳ್ಳುತ್ತದೆ. ಫೋಟೊವನ್ನು ಚೌಕ ಹಾಕಿ ಇಳಿಸುವಾಗ ನೀವು ನಕಲು ಮಾಡುತ್ತಿರುವುದು ಮಾರುಕಟ್ಟೆಯನ್ನಲ್ಲ, ಕ್ಯಾಮೆರಾ ಮಾಡಿಟ್ಟ ಆಯ್ಕೆಯನ್ನು.

ಆದ್ದರಿಂದ ಅದೇ ಮಾರುಕಟ್ಟೆಗೆ ಇನ್ನೊಮ್ಮೆ ಹೋಗಿ, ಮೊಬೈಲನ್ನು ಚೀಲದಲ್ಲೇ ಬಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ನಿಮ್ಮನ್ನು ಮೊದಲು ಸೆಳೆದದ್ದು ಯಾವುದು? ದ್ವಿತಳಿ ಗೂಡಿನ ಬಿಳುಪಿನ ಪಕ್ಕದಲ್ಲಿ ಹರಡಿಕೊಂಡ ಮಿಶ್ರತಳಿ ಗೂಡಿನ ಹಳದಿಯೇ, ರಾಶಿಯೊಳಗೆ ಕೈ ಹಾಕಿ ಗೂಡಿನ ಗುಣಮಟ್ಟ ನೋಡುವ, ನೂಲು ಬಿಚ್ಚುವ ರೀಲರ್‌ಗಳ ಬೆರಳುಗಳೇ, ಬೆಲೆ ಎಷ್ಟಕ್ಕೆ ನಿಲ್ಲುತ್ತದೋ ಎಂದು ಕಾಯುತ್ತಿರುವ ರೈತನ ಮುಖವೇ? ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಅಂಗೈಯಗಲದ ಕಾಗದದ ಮೇಲೆ ಪೆನ್ಸಿಲ್‌ನಿಂದ ಗಾಢ, ನಡುವಣ, ತಿಳಿ ಎಂಬ ಮೂರೇ ಪಾಲುಗಳಲ್ಲಿ ದೃಶ್ಯವನ್ನು ಗುರುತು ಹಾಕಿಕೊಳ್ಳಿ, ಕಂಡ ಬಣ್ಣಗಳನ್ನು ಅಂಚಿನಲ್ಲಿ ಮಾತುಗಳಲ್ಲಿ ಬರೆದಿಡಿ. ಮನೆಗೆ ಬಂದು ಚಿತ್ರವನ್ನು ಆ ಚೀಟಿಯಿಂದ ಮತ್ತು ನೆನಪಿನಿಂದ ಬರೆಯಿರಿ. ನೆನಪಿಗೆ ಬಾರದ ತಗಡಿನ ಚಾವಣಿ, ಗೋಡೆಯ ಮೇಲಿನ ಫಲಕ, ಹಿಂದಿನ ಸಾಲಿನ ಜನ ಇವೆಲ್ಲ ನಿಮ್ಮ ಚಿತ್ರಕ್ಕೆ ಬೇಕಾಗಿಯೇ ಇರಲಿಲ್ಲ ಎಂದು ತಿಳಿಯಿರಿ. ಮೊದಮೊದಲು ಚಿತ್ರ ಒರಟಾಗಿಯೇ ಬರುತ್ತದೆ, ಕೈ ಮತ್ತೆ ಮೊಬೈಲಿನತ್ತ ಹೋಗುತ್ತದೆ, ಆಗ ತಡೆದುಕೊಳ್ಳಬೇಕು.

ಮನಸ್ಸಿಗೆ ಬಂದ ಬಣ್ಣ ಹಚ್ಚಿದರೆ ಸುಳ್ಳೆನಿಸುತ್ತದೆ ಎಂಬ ನಿಮ್ಮ ಮಾತು ನನಗೆ ಬಹಳ ಮುಖ್ಯವೆನಿಸಿತು, ಏಕೆಂದರೆ ಬಹಳ ಮಂದಿ ಸೋಲುವುದು ಇಲ್ಲಿಯೇ. ಒಂದು ಜಾಗ ಎಷ್ಟು ತಿಳಿಯಾಗಿದೆ, ಎಷ್ಟು ಗಾಢವಾಗಿದೆ ಎಂಬುದು ಸರಿಯಾಗಿದ್ದರೆ ಅಲ್ಲಿ ಯಾವ ಬಣ್ಣ ಬಂದರೂ ಕಣ್ಣು ಒಪ್ಪಿಕೊಳ್ಳುತ್ತದೆ. ಅದು ತಪ್ಪಿದರೆ, ವಸ್ತುವಿನ ನಿಜವಾದ ಬಣ್ಣವನ್ನೇ ಹಚ್ಚಿದರೂ ಚಿತ್ರ ನಿಲ್ಲುವುದಿಲ್ಲ. ರೈತನ ಕೆನ್ನೆಯ ನೆರಳಿಗೆ ಕಂದು ಕಡ್ಡಿಯ ಬದಲು ಅಷ್ಟೇ ಗಾಢವಾದ ಹಸಿರನ್ನೋ ನೇರಳೆಯನ್ನೋ ಹಿಡಿದು ನೋಡಿ, ಮುಖ ಮುಖವಾಗಿಯೇ ಉಳಿಯುತ್ತದೆ. ಸಂದೇಹ ಬಂದಾಗ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಾಗಿ ಬದಲಿಸಿ ಪರೀಕ್ಷಿಸಬಹುದು, ಆ ಕೆಲಸಕ್ಕೆ ಅದು ಒಳ್ಳೆಯ ಸಾಧನ. ಇನ್ನು ಬಿಳಿ ಗೂಡಿನ ರಾಶಿಗೆ ನೀವು ಬಿಳಿ ಕಡ್ಡಿಯನ್ನೇ ಉದ್ದಕ್ಕೂ ಬಳಸಿದ್ದೀರಿ, ಅದರಿಂದಾಗಿ ರಾಶಿ ಸುಣ್ಣದಂತೆ ಸಪ್ಪೆಯಾಗಿದೆ. ಬೂದು ಅಥವಾ ಇಟ್ಟಿಗೆ ಬಣ್ಣದ ಕಾಗದ ತೆಗೆದುಕೊಂಡು, ತಿಳಿ ನೀಲಿ, ತಿಳಿ ಗುಲಾಬಿ, ನಿಂಬೆ ಹಳದಿಗಳನ್ನು ಒಂದರ ಪಕ್ಕ ಒಂದು ಬಿಡಿ ಗೀಟುಗಳಾಗಿ ಇಡಿ, ನಡುನಡುವೆ ಕಾಗದದ ಬಣ್ಣವನ್ನು ಹಾಗೆಯೇ ಬಿಡಿ, ಅಪ್ಪಟ ಬಿಳಿಯನ್ನು ಬೆಳಕು ನೇರವಾಗಿ ಬೀಳುವ ನಾಲ್ಕಾರು ಗೂಡುಗಳಿಗೆ ಮಾತ್ರ ಮೀಸಲಿಡಿ.

ತೀಡುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ಸಾಫ್ಟ್ ಪೇಸ್ಟಲ್ ಎಂದರೆ ಹೆಚ್ಚುಕಡಿಮೆ ಬರಿಯ ಬಣ್ಣದ ಪುಡಿ; ಕಡ್ಡಿಯಾಗಿ ನಿಲ್ಲಲು ಬೇಕಾದಷ್ಟು ಅಂಟು ಮಾತ್ರ ಅದರಲ್ಲಿರುತ್ತದೆ. ಆ ಪುಡಿಯ ಕಣಗಳು ಕಾಗದದ ಒರಟಿನ ಮೇಲೆ ಬಿಡಿಬಿಡಿಯಾಗಿ ಕುಳಿತು ಬೆಳಕನ್ನು ಚದುರಿಸುವುದರಿಂದಲೇ ಪೇಸ್ಟಲ್‌ಗೆ ಬೇರಾವ ಮಾಧ್ಯಮಕ್ಕೂ ಇಲ್ಲದ ಹೊಳಪು ಬಂದಿದೆ. ಬೆರಳಿನಿಂದ ಒತ್ತಿ ತೀಡಿದಾಗ ಕಣಗಳು ಒರಟಿನ ಸಂದುಗಳಲ್ಲಿ ಅಮರಿಕೊಳ್ಳುತ್ತವೆ, ಪಕ್ಕದ ಬಣ್ಣಗಳು ಕಲೆತು ಮಂಕಾಗುತ್ತವೆ, ಮುಂದಿನ ಪದರಕ್ಕೆ ಹಿಡಿತವೂ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ನಿಮ್ಮ ಕೈಯ ಗುರುತು ಅಳಿಸಿಹೋಗುವುದು. ಪೇಸ್ಟಲ್‌ನಲ್ಲಿ ರೇಖೆಯೂ ಬಣ್ಣವೂ ಒಂದೇ ಗೀಟಿನಲ್ಲಿ ಬೀಳುತ್ತವೆ. ಅದರ ವೇಗ, ಒತ್ತಡ, ದಿಕ್ಕು ಇವುಗಳಲ್ಲಿಯೇ ಬರೆಯುವವರ ಮನಸ್ಸು ಉಳಿಯುವುದು. ಕೆಳಗಿನ ಪದರವನ್ನು ಬೇಕಿದ್ದರೆ ತೀಡಿಕೊಳ್ಳಿ, ಮೇಲಿನ ಪದರವನ್ನು ಮುಟ್ಟಬೇಡಿ. ಕಡ್ಡಿಯನ್ನು ಮುರಿದು, ಅದರ ಪಕ್ಕೆಯಿಂದ ಅಗಲವಾಗಿ ಎಳೆಯುವುದನ್ನು ಕಲಿಯಿರಿ. ದುಬಾರಿ ಕಡ್ಡಿಯನ್ನು ಮುರಿಯಲು ಮನಸ್ಸಾಗುವುದಿಲ್ಲ ಎಂಬುದು ನನಗೆ ಗೊತ್ತು, ಆದರೂ ಮುರಿಯಲೇಬೇಕು.

ಈ ದಾರಿಯಲ್ಲಿ ನಡೆದವರು ಹೋಲಿಕೆಯಲ್ಲಿ ಕಚ್ಚಾ ಆಗಿದ್ದವರಲ್ಲ. ಹಣ್ಣು, ಪಾತ್ರೆಗಳ ಸ್ಥಿರಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಶಾರ್ದಾಂ ಎಪ್ಪತ್ತು ದಾಟಿದ ಮೇಲೆ, ಕಣ್ಣಿನ ತೊಂದರೆಯಿಂದ ತೈಲವರ್ಣವನ್ನು ಬದಿಗಿಟ್ಟು ಪೇಸ್ಟಲ್ ಹಿಡಿದರು. 1775ರಲ್ಲಿ ಬರೆದುಕೊಂಡ ತಮ್ಮದೇ ಭಾವಚಿತ್ರದಲ್ಲಿ ಚರ್ಮದ ಮೇಲಿನ ಗೀಟುಗಳನ್ನು ತೀಡದೆ ಬಿಡಿಬಿಡಿಯಾಗಿಯೇ ಉಳಿಸಿದ್ದಾರೆ. ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ಡೆಗಾ (1834–1917) ಒಂದೇ ಭಂಗಿಯನ್ನು ಟ್ರೇಸಿಂಗ್ ಕಾಗದದ ಮೂಲಕ ಮತ್ತೆ ಮತ್ತೆ ತೆಗೆದುಕೊಂಡು, ಪ್ರತಿ ಸಲವೂ ಬೇರೆ ಬಣ್ಣಗಳಲ್ಲಿ ಪದರದ ಮೇಲೆ ಪದರ ಕಟ್ಟಿದರು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು (1911–1996) ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ನೈಜ ಚಿತ್ರಣವನ್ನು ಕಲಿತು, ಅಲ್ಲಿಗೇ ನಿಲ್ಲದೆ, ಲಯವನ್ನು ಅರಿಯುವುದಕ್ಕಾಗಿ ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಡೆಗಾ ಅವರ ಕ್ರಮವನ್ನು ನೀವು ಹಾಗೆಯೇ ಅನುಸರಿಸಬಹುದು: ಅದೇ ಮಾರುಕಟ್ಟೆಯನ್ನು, ಅದೇ ರೇಖಾಚಿತ್ರದಿಂದ, ಒಮ್ಮೆ ಮುಂಜಾನೆಯ ತಂಪಿನಲ್ಲಿ ಕಂಡಂತೆ ನೀಲಿಯ ಕಡೆಗೆ ವಾಲಿಸಿ, ಒಮ್ಮೆ ಹರಾಜಿನ ಗದ್ದಲಕ್ಕೆ ತಕ್ಕಂತೆ ಕಿತ್ತಳೆ, ಕೆಂಪುಗಳಲ್ಲಿ ಬರೆಯಿರಿ. ಪ್ರತಿ ಚಿತ್ರಕ್ಕೂ ಆರಕ್ಕಿಂತ ಹೆಚ್ಚು ಕಡ್ಡಿಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ. ನಂತರ ಎಲ್ಲವನ್ನೂ ಸಾಲಾಗಿ ಗೋಡೆಗೆ ಒರಗಿಸಿ, ಯಾವುದು ನಿಮ್ಮ ಅನುಭವಕ್ಕೆ ಹತ್ತಿರವಿದೆಯೆಂದು ನೀವೇ ನೋಡಿಕೊಂಡು, ನನಗೂ ಬರೆದು ತಿಳಿಸಿ.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಮಕ್ಕಳ ಕೈಗೆ ಆಯಿಲ್ ಪೇಸ್ಟಲ್ (ಎಣ್ಣೆ, ಮೇಣ ಬೆರೆತ ಬಣ್ಣದ ಕಡ್ಡಿ) ಕೊಟ್ಟರೆ ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ ಬರೆಯುತ್ತಾರೆ. ಇಲ್ಲವೆಂದರೆ ನಾನು ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡುತ್ತಾರೆ. ಇದರಿಂದ ಹೊರಬರುವುದು ಹೇಗೆ?
— ಶಿಕ್ಷಕರೊಬ್ಬರು, ಮಧುಗಿರಿ

ಉತ್ತರ: ನಿಮ್ಮ ಪ್ರಶ್ನೆಗೂ ಆ ಬಣ್ಣದ ಕಡ್ಡಿಗೂ ಹಳೆಯ ನಂಟಿದೆ. ಜಪಾನಿನ ಶಾಲೆಗಳಲ್ಲಿ ಮಕ್ಕಳಿಗೆ ಮಾದರಿ ಪುಸ್ತಕದ ಚಿತ್ರಗಳನ್ನು ನಕಲು ಮಾಡಿಸುವುದೇ ಪಾಠವಾಗಿದ್ದಾಗ, ಕಲಾವಿದ ಯಾಮಾಮೊಟೊ ಕನಾಏ ಅದನ್ನು ವಿರೋಧಿಸಿ 1919ರಲ್ಲಿ ಮಕ್ಕಳ ಮುಕ್ತ ಚಿತ್ರಗಳ ಆಂದೋಲನವನ್ನು ಆರಂಭಿಸಿದರು. ಆ ವಾತಾವರಣದಲ್ಲಿಯೇ ಸಕುರಾ ಸಂಸ್ಥೆ 1925ರಲ್ಲಿ ಆಯಿಲ್ ಪೇಸ್ಟಲ್ ಅನ್ನು ಮಾರುಕಟ್ಟೆಗೆ ತಂದಿತು. ನಕಲಿನಿಂದ ಬಿಡಿಸಲೆಂದು ನಡೆದ ಪ್ರಯತ್ನದ ನಡುವೆ ಹುಟ್ಟಿದ ಸಾಧನದಿಂದ ನಾವು ಮತ್ತೆ ನಕಲನ್ನೇ ಮಾಡಿಸುತ್ತಿದ್ದೇವೆಂದು ನೆನೆದಾಗ ನನಗೆ ನಿಜಕ್ಕೂ ದುಃಖವಾಗುತ್ತದೆ.

ನಿಮ್ಮ ಶಾಲೆಯ ಮಕ್ಕಳಿಗೆ ಕಣ್ಣೆತ್ತಿದರೆ ಮಧುಗಿರಿಯ ಏಕಶಿಲಾ ಬೆಟ್ಟ ಕಾಣುತ್ತದೆ. ಅದು ಎಲ್ಲಿಯೂ ತ್ರಿಕೋನವಾಗಿಲ್ಲ, ಕಂದು ಬಣ್ಣದ್ದೂ ಅಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸೇರಿದ ಆ ಬಂಡೆಯಲ್ಲಿ ಬೂದು ಬಣ್ಣದ ಜತೆಗೆ ನಸುಗುಲಾಬಿಯೂ ಇದೆ, ಮಳೆನೀರು ಇಳಿದ ಕಡೆಗಳಲ್ಲಿ ಕಪ್ಪು ಪಟ್ಟೆಗಳಿವೆ, ಸಂಜೆಯ ಬಿಸಿಲಿಗೆ ಇಡೀ ಮೈ ಕೆಂಪೇರುತ್ತದೆ. ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು, ಬರೆಯುವುದಕ್ಕೆ ಮುಂಚೆ ಬೆಟ್ಟದಲ್ಲಿ ಕಾಣುವ ಬಣ್ಣಗಳನ್ನು ಬಾಯಲ್ಲಿ ಹೇಳಿಸಿ. ಬೆಳಿಗ್ಗೆ ಒಮ್ಮೆ, ಶಾಲೆ ಬಿಡುವ ಹೊತ್ತಿಗೆ ಒಮ್ಮೆ ಹೇಳಿಸಿದರೆ ಬೆಟ್ಟಕ್ಕೆ ಒಂದೇ ಬಣ್ಣವಿಲ್ಲವೆಂಬುದು ಅವರಿಗೇ ಗೊತ್ತಾಗುತ್ತದೆ. ಆಮೇಲೆ ಕಾಗದದ ಮೇಲೆ ಗುಲಾಬಿ, ಹಳದಿ, ಕಿತ್ತಳೆಗಳನ್ನು ಒತ್ತಿ ತುಂಬಿಸಿ, ಅದರ ಮೇಲೆ ಗಾಢ ನೀಲಿಯನ್ನೋ ಕಪ್ಪನ್ನೋ ಹಚ್ಚಿಸಿ, ಇಂಕು ಮುಗಿದ ಬಾಲ್‌ಪೆನ್ನಿನ ಮೊನೆಯಿಂದ ಬಂಡೆಯ ಬಿರುಕುಗಳನ್ನೂ ಕೋಟೆಯ ಗೋಡೆಗಳನ್ನೂ ಕೆರೆದು ತೆಗೆಯಲು ಹೇಳಿ. ಕೆರೆದು ಬರೆಯುವಾಗ ಬೋರ್ಡಿನ ನಕಲು ಸಾಧ್ಯವೇ ಇಲ್ಲ, ಪ್ರತಿ ಮಗುವಿನ ಬೆಟ್ಟವೂ ಬೇರೆಯಾಗಿ ಬರುತ್ತದೆ. ಲೋಯರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿಗೆ ಬೇಕಾದ ಅಳತೆಯ ಅಭ್ಯಾಸವನ್ನು ಬೇರೆ ಅವಧಿಯಲ್ಲಿ ಮಾಡಿಸಿ. ಈ ಚಿತ್ರಗಳಿಗೆ ಅಂಕ ಹಾಕಬೇಡಿ.

ಪ್ರಶ್ನೆ: ಅಂತರಗಂಗೆ ಬೆಟ್ಟದ ಬಂಡೆಗಳನ್ನು ಸಾಫ್ಟ್ ಪೇಸ್ಟಲ್‌ನಲ್ಲಿ, ನೀವು ಹಿಂದೊಮ್ಮೆ ಹೇಳಿದಂತೆ ತೀಡದೆ, ಬಿಡಿ ಗೀಟುಗಳಲ್ಲಿ ಬರೆದೆ. ಕೊನೆಯಲ್ಲಿ, ಪುಡಿಯನ್ನು ಕಾಗದಕ್ಕೆ ಹಿಡಿಸುವ ಫಿಕ್ಸೇಟಿವ್ ಸಿಂಪಡಿಸಿದಾಗ ತಿಳಿಬಣ್ಣಗಳೆಲ್ಲ ಕಪ್ಪಿಟ್ಟು, ಚಿತ್ರದ ಜೀವವೇ ಹೋದಂತಾಯಿತು. ಸಿಂಪಡಿಸದಿದ್ದರೆ ಪುಡಿ ಉದುರುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಕೋಲಾರ

ಉತ್ತರ: ಫಿಕ್ಸೇಟಿವ್‌ನ ದ್ರವ ಕಣಗಳ ನಡುವಿನ ಗಾಳಿಯ ಜಾಗವನ್ನು ತುಂಬುವುದರಿಂದ ಬಣ್ಣ ಗಾಢವಾಗುತ್ತದೆ, ತಿಳಿಬಣ್ಣಗಳಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ಅದನ್ನು ಕೊನೆಗೆ ಬಳಸುವ ಬದಲು ನಡುವಿನ ಪದರಗಳಿಗೆ ಬಳಸಿ: ಬಂಡೆಯ ಗಾಢ ಭಾಗಗಳನ್ನು ಬರೆದಾದ ಮೇಲೆ ದೂರದಿಂದ ತೆಳುವಾಗಿ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಬೆಳಕಿನ ಗೀಟುಗಳನ್ನು ಹಾಕಿ, ಅವನ್ನು ಹಾಗೆಯೇ ಬಿಡಿ. ಡೆಗಾ ಕೂಡ ಪದರಗಳ ನಡುವೆ ಫಿಕ್ಸೇಟಿವ್ ಬಳಸುತ್ತಿದ್ದರು. ಹಾಳಾದ ಚಿತ್ರವನ್ನೂ ಎಸೆಯಬೇಡಿ, ಈಗ ಅದು ಒಳ್ಳೆಯ ತಳಪದರವಾಗಿದೆ. ಕಪ್ಪಿಟ್ಟ ಬಂಡೆಯ ಮೇಲೆ ತಿಳಿ ಗೀಟುಗಳನ್ನು ಹೊಸದಾಗಿ, ಮೊದಲಿಗಿಂತ ಕಡಿಮೆ ಸಂಖ್ಯೆಯಲ್ಲಿ ಇಟ್ಟು ನೋಡಿ.

ಮುಗಿದ ಚಿತ್ರದ ಹಾಳೆಯನ್ನು ನೆಟ್ಟಗೆ ಹಿಡಿದು ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಹಿಡಿತವಿಲ್ಲದ ಪುಡಿ ಉದುರಿಹೋಗುತ್ತದೆ. ಬಾಯಿಂದ ಊದಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ (ಚಿತ್ರದ ಸುತ್ತಲಿನ ರಟ್ಟಿನ ಅಂಚು) ಇರಿಸಿ ಚೌಕಟ್ಟು ಹಾಕಿಸಿ. ಆಕ್ರಿಲಿಕ್ ಹಾಳೆ ಬೇಡ, ಅದರ ಸ್ಥಾಯೀ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಚೌಕಟ್ಟು ಹಾಕಿಸುವವರೆಗೆ ನುಣುಪಾದ ಗ್ಲಾಸೀನ್ ಕಾಗದವನ್ನು ಮೇಲೆ ಹೊದಿಸಿ, ಅಲುಗಾಡದಂತೆ ಸಮತಟ್ಟಾಗಿ ಇಡಿ.