ಕಾನ್ಫಿಗರೇಶನ್ ಫೈಲನ್ನು ಓದುವುದರಲ್ಲಿ ಅಪಾಯವೇನು?

ಪ್ರಶ್ನೆ: ನಮ್ಮ ಪೈಥಾನ್ ಪ್ರಾಜೆಕ್ಟಿನ ಕಾನ್ಫಿಗರೇಶನ್ ಫೈಲು (ಸೆಟ್ಟಿಂಗುಗಳನ್ನು ಬರೆದಿಡುವ ಫೈಲು) ಯಾಮಲ್ (YAML) ಎಂಬ ಪಠ್ಯರೂಪದಲ್ಲಿದೆ. ಅದನ್ನು ಯಾಮಲ್ ಓದುವ ಪೈಥಾನ್ ಲೈಬ್ರರಿಯಾದ ಪೈಯಾಮಲ್‌ನ ‘ಲೋಡ್’ ಫಂಕ್ಷನ್‌ನಿಂದ ಓದುವುದು ಅಪಾಯಕರವೆಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜ. ಯಾಮಲ್ ಫೈಲಿನಲ್ಲಿ ಅಂಕಿ, ಪಠ್ಯ, ಪಟ್ಟಿಗಳಲ್ಲದೆ ಪೈಥಾನ್ ಆಬ್ಜೆಕ್ಟುಗಳನ್ನು ರಚಿಸುವಂತೆ ಸೂಚಿಸುವ ಟ್ಯಾಗುಗಳನ್ನೂ ಬರೆಯಬಹುದಾದ್ದರಿಂದ, ಎಲ್ಲ ಟ್ಯಾಗುಗಳನ್ನೂ ಒಪ್ಪುವ ಲೋಡರ್ (ಫೈಲನ್ನು ಓದಿ ಅರ್ಥೈಸುವ ಭಾಗ) ಬಳಸಿದರೆ, ಆ ಫೈಲನ್ನು ತಿದ್ದಬಲ್ಲ ಯಾರೇ ಆದರೂ ನಿಮ್ಮ ಸರ್ವರ್‌ನಲ್ಲಿ ತಮಗೆ ಬೇಕಾದ ಕಮಾಂಡನ್ನು ನಡೆಸಬಹುದು. ಫೈಲನ್ನು ಓದುವಾಗಲೇ ಅದು ನಡೆದುಹೋಗುವುದರಿಂದ ಆಮೇಲಿನ ಪರಿಶೀಲನೆ ವ್ಯರ್ಥ. ಪೈಯಾಮಲ್‌ನ 2019ರ 5.1 ಆವೃತ್ತಿಯಿಂದ ಲೋಡರನ್ನು ಹೆಸರಿಸದಿದ್ದರೆ ಎಚ್ಚರಿಕೆ ಬರತೊಡಗಿತು, 2021ರ 6.0ರಲ್ಲಿ ಹೆಸರಿಸುವುದೇ ಕಡ್ಡಾಯವಾಯಿತು. ಆದರೆ ಹಳೆಯ ಕೋಡು ಹೇಗಾದರೂ ನಡೆಯಲೆಂದು ಅಲ್ಲಿ ‘ಅನ್‌ಸೇಫ್‌ಲೋಡರ್’ (ಎಲ್ಲ ಟ್ಯಾಗುಗಳನ್ನೂ ಒಪ್ಪುವ ಲೋಡರ್) ಎಂದು ತುಂಬಿಬಿಡುವುದು ಆತಂಕಕಾರಿ ಸಂಗತಿ. ದಯವಿಟ್ಟು ಹಾಗೆ ಮಾಡಬೇಡಿ.

‘ಸೇಫ್_ಲೋಡ್’ ಬಳಸಿರಿ. ಅದು ಸರಳ ದತ್ತಾಂಶವನ್ನಷ್ಟೇ ಕೊಡುತ್ತದೆ, ಪೈಥಾನ್ ಟ್ಯಾಗ್ ಕಂಡರೆ ದೋಷ ತೋರಿಸಿ ನಿಲ್ಲುತ್ತದೆ. ಹಾಗೆಂದು ಬಂದ ಮೌಲ್ಯಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ: ಉದ್ಧರಣ ಚಿಹ್ನೆಯಿಲ್ಲದೆ ಬರೆದ ‘ಎನ್‌ಒ’ ಎಂಬ ನಾರ್ವೆಯ ಸಂಕೇತಾಕ್ಷರವನ್ನು ಪೈಯಾಮಲ್ ‘ನೋ’ (ಇಲ್ಲ) ಎಂಬ ಪದವೆಂದು ತಿಳಿದು ‘ಫಾಲ್ಸ್’ (ಸುಳ್ಳು) ಎಂದೇ ಓದುತ್ತದೆ. ಆದ್ದರಿಂದ ಪ್ರತಿ ಮೌಲ್ಯದ ವಿಧವನ್ನೂ ಮಿತಿಯನ್ನೂ ಪ್ರೋಗ್ರಾಮ್ ಆರಂಭವಾಗುವಾಗಲೇ ಪರೀಕ್ಷಿಸಿ. ಪಾಸ್‌ವರ್ಡುಗಳನ್ನು ಮಾತ್ರ ಈ ಫೈಲಿನಲ್ಲಿ ಇಡಲೇಬಾರದು.