ಓದುಗರ ಪ್ರಶ್ನೆ: ಇಫ್ರಾನ್‌ಗೆ ಓದಲು ಹೊರಟವರಿಗೆ

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಮೊರಾಕೊದ ಇಫ್ರಾನ್ ಊರಿನಲ್ಲಿರುವ ಅಲ್ ಅಖವೈನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಅರಬ್ಬಿ ನಾಡಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆಯೇ? ಲಿಬರಲ್ ಆರ್ಟ್ಸ್ ಎಂದರೆ ಬರೀ ಕಲಾ ವಿಭಾಗವಲ್ಲವೇ?

ಉತ್ತರ: ಪಾಠ ಇಂಗ್ಲಿಷಿನಲ್ಲೇ. ಮೊರಾಕೊದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನವನ್ನು ಹೆಚ್ಚಾಗಿ ಫ್ರೆಂಚಿನಲ್ಲಿ ಕಲಿಸುತ್ತಾರೆ. 1995ರಲ್ಲಿ ಆರಂಭವಾದ ಈ ಸಂಸ್ಥೆ ಮೊದಲಿನಿಂದಲೂ ಅಮೆರಿಕದ ಪದ್ಧತಿ ಹಿಡಿದಿದೆ. ಎಂಜಿನಿಯರಿಂಗ್, ವಾಣಿಜ್ಯ, ಮಾನವಿಕ ಮೂರಕ್ಕೂ ಇಲ್ಲಿ ವಿಭಾಗಗಳಿವೆ. ಯಾವ ವಿಷಯ ಆಯ್ದುಕೊಂಡರೂ ಜೊತೆಗೆ ಇತಿಹಾಸ, ಬರವಣಿಗೆ, ಗಣಿತ, ಭಾಷೆಯಂಥ ಸಾಮಾನ್ಯ ಕೋರ್ಸುಗಳನ್ನು ಓದಬೇಕಾಗುತ್ತದೆ, ಲಿಬರಲ್ ಆರ್ಟ್ಸ್ ಎಂದರೆ ಇಷ್ಟೇ.

ಮಕ್ಕಳು ಎಡವುವುದು ಕೋರ್ಸುಗಳ ಸರದಿಯಲ್ಲಿ. ಒಂದು ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್, ಸೆಮಿಸ್ಟರಿಗೆ ಐದು ಕೋರ್ಸು. ಸುಲಭವಾದ ಸಾಮಾನ್ಯ ಕೋರ್ಸುಗಳನ್ನೆಲ್ಲ ಮೊದಲ ವರ್ಷವೇ ಮುಗಿಸಿ, ಗಣಿತವನ್ನು ಆಮೇಲೆ ನೋಡಿಕೊಳ್ಳೋಣ ಎಂದರೆ ಕೆಟ್ಟಿತು. ಮೊದಲ ಕ್ಯಾಲ್ಕ್ಯುಲಸ್ ಪಾಸಾಗದೆ ಎರಡನೆಯದು ಸಿಗದು, ಅದಿಲ್ಲದೆ ಮೇಲಿನ ಕೋರ್ಸಿಗೆ ನೋಂದಣಿಯೇ ಆಗದು. ಮೇಲಿನ ಹಂತದ ಕೆಲವು ಕೋರ್ಸುಗಳು ವರ್ಷಕ್ಕೊಮ್ಮೆ ಮಾತ್ರ ನಡೆಯುವುದರಿಂದ ಒಂದು ತಪ್ಪಿದರೆ ಇಡೀ ವರ್ಷ ಕಾಯಬೇಕಾದೀತು. ಹಾಗಾಗಿ ಮೊದಲ ಸೆಮಿಸ್ಟರಿನಿಂದಲೇ ಒಂದು ಗಣಿತ, ಒಂದು ಪ್ರೋಗ್ರಾಮಿಂಗ್, ಉಳಿದ ಜಾಗದಲ್ಲಿ ಸಾಮಾನ್ಯ ಕೋರ್ಸು ಎಂದು ಹೊಂದಿಸಿಕೊಳ್ಳಲಿ. ಪ್ರತಿ ಕೋರ್ಸಿನ ಸಿಲಬಸ್ ಪ್ರತಿಯನ್ನು ಎತ್ತಿಡಲಿ. ಮುಂದೆ ಭಾರತದಲ್ಲಿ ಪದವಿಯ ಸಮಾನತೆ ಕೇಳುವಾಗ ಬರೀ ಅಂಕಪಟ್ಟಿ ಸಾಲದೆ ಹೋಗಬಹುದು.

ಪ್ರಶ್ನೆ: ಪ್ರವೇಶ ಸಿಕ್ಕಿದೆ. ಕಾಗದಪತ್ರಗಳನ್ನು ಯಾವ ಕ್ರಮದಲ್ಲಿ ಮಾಡಿಸಬೇಕು?

ಉತ್ತರ: ಮೊದಲು ಹೆಸರು ಸರಿಮಾಡಿಕೊಳ್ಳಿ. ನಮ್ಮಲ್ಲಿ ಅನೇಕರಿಗೆ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ, ಸರ್‌ನೇಮ್ ಕಲಂ ಖಾಲಿ. ಮೊರಾಕೊದ ಅರ್ಜಿಗಳಲ್ಲಿ ಕುಟುಂಬದ ಹೆಸರು, ಸ್ವಂತ ಹೆಸರು ಎರಡಕ್ಕೂ ಪ್ರತ್ಯೇಕ ಕಲಂ ಇರುತ್ತದೆ. ಒಂದು ಖಾಲಿ ಬಿಟ್ಟರೆ ಒಂದೊಂದು ಕಚೇರಿ ಒಂದೊಂದು ರೀತಿ ಬರೆದುಕೊಳ್ಳುತ್ತದೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸೇರಿಸಿ.

ಆಮೇಲೆ ಜನನ ಪ್ರಮಾಣಪತ್ರ, ಅಂಕಪಟ್ಟಿಗಳಿಗೆ ಅಪಾಸ್ಟಿಲ್, ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ದೃಢೀಕರಣದ ಮೊಹರು. ಈ ಒಪ್ಪಂದ ಮೊರಾಕೊದಲ್ಲಿ 2016ರಿಂದ ಜಾರಿಯಲ್ಲಿದೆ. ರಾಜ್ಯದ ಮಟ್ಟದ ದೃಢೀಕರಣ ಮೊದಲು, ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಅನಂತರ. ಫ್ರೆಂಚ್ ಅನುವಾದ ಎಲ್ಲಕ್ಕಿಂತ ಕೊನೆಗೆ. ಮೊದಲೇ ಅನುವಾದ ಮಾಡಿಸಿದರೆ ಮೊಹರಿನ ಒಕ್ಕಣೆ ಅನುವಾದದಲ್ಲಿ ಸೇರುವುದಿಲ್ಲ, ಮತ್ತೆ ದುಡ್ಡು ಕೊಡಬೇಕಾದೀತು. ಅನುವಾದಕ ಮೊರಾಕೊದ ನ್ಯಾಯಾಲಯದಲ್ಲಿ ಪ್ರಮಾಣ ಸ್ವೀಕರಿಸಿದವನಾಗಿದ್ದರೆ ತಕರಾರು ಬರುವುದಿಲ್ಲ, ಆದ್ದರಿಂದ ಆ ಕೆಲಸವನ್ನು ಅಲ್ಲಿಗೆ ಹೋದ ಮೇಲೆ ಮಾಡಿಸುವುದೇ ವಾಸಿ. ಅಲ್ಲಿ 90 ದಿನಕ್ಕಿಂತ ಹೆಚ್ಚು ಇರುವವರಿಗೆ ನಿವಾಸ ಕಾರ್ಡ್ ಬೇಕು. ತೊಂಬತ್ತನೆಯ ದಿನದವರೆಗೆ ಕಾಯದೆ ಮೊದಲ ವಾರದಲ್ಲೇ ಓಡಾಟ ಶುರುಮಾಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟ, ಹವೆ ಹೇಗೆ?

ಉತ್ತರ: ಕುಸ್‌ಕುಸ್ ಅಲ್ಲಿಯ ರವೆಯ ಊಟ. ‘ತರಕಾರಿ ಕುಸ್‌ಕುಸ್’ ಎಂದು ಬರೆದಿದ್ದರೂ ಕೇಳಿಯೇ ತಿನ್ನಿ. ಅದನ್ನು ಬೇಯಿಸುವುದು ಎರಡು ಅಂತಸ್ತಿನ ಪಾತ್ರೆಯಲ್ಲಿ: ಕೆಳಗೆ ತರಕಾರಿ ಜೊತೆ ಮಾಂಸ ಕುದಿಯುತ್ತಿರುತ್ತದೆ, ಮೇಲಿನ ತೂತಿನ ಪಾತ್ರೆಯಲ್ಲಿ ರವೆ ಅದೇ ಹಬೆಯಲ್ಲಿ ಬೇಯುತ್ತದೆ. ಮಾಂಸದ ತುಂಡು ತೆಗೆದು ಬಡಿಸಿದರೂ ಸಾರು ಮಾಂಸದ್ದೇ. ಹರೀರಾ ಸೂಪಿಗೂ ಇದೇ ಮಾತು. ಒಣ ಬಾಕಲಾ ಕಾಳಿನ ಸೂಪು ಬಿಸಾರಾ, ಬೇಯಿಸಿ ಮಸೆದ ಬದನೆಕಾಯಿಯ ಜಾಲೂಕ್, ಬ್ರೆಡ್ಡು, ಆಲಿವ್ ನೆಚ್ಚಬಹುದಾದವು.

ಇಫ್ರಾನ್ ಇರುವುದು ಮಧ್ಯ ಅಟ್ಲಾಸ್ ಪರ್ವತದಲ್ಲಿ, ಸುಮಾರು 1,650 ಮೀಟರ್ ಎತ್ತರದಲ್ಲಿ. ಆಫ್ರಿಕಾದ ದಾಖಲೆಯ ಚಳಿ, ಸುಮಾರು ಮೈನಸ್ 24 ಡಿಗ್ರಿ, ಇಲ್ಲಿಯದೇ, 1935ರ ಮಾತು. ಹಿಮ ಬಿದ್ದಾಗ ರಸ್ತೆ ಮುಚ್ಚುವುದುಂಟು, ಊರಿಗೆ ರೈಲೂ ಇಲ್ಲ. ಸುಮಾರು 60 ಕಿ.ಮೀ. ದೂರದ ಫೆಸ್‌ಗೆ ರೈಲಿನಲ್ಲಿ ಬಂದು, ಅಲ್ಲಿಂದ ಆರು ಜನರನ್ನು ಕೂರಿಸುವ ಗ್ರಾಂಡ್ ಟ್ಯಾಕ್ಸಿ ಹಿಡಿಯಬೇಕು. ಒಂದು ಸೀಟಿಗೆ ಎಷ್ಟು ಎಂದೇ ಕೇಳಿ, ಇಲ್ಲದಿದ್ದರೆ ಇಡೀ ಗಾಡಿಯ ಬಾಡಿಗೆ ಹೇಳಿಬಿಡಬಹುದು.

ಪ್ರಶ್ನೆ: ಆನ್‌ಲೈನ್ ಸಂದರ್ಶನ ರಂಜಾನ್ ತಿಂಗಳಲ್ಲಿದೆ. ಸಮಯ ಬದಲಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ನಿಜ. ಉಳಿದ ದಿನಗಳಲ್ಲಿ ಮೊರಾಕೊ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ರಂಜಾನ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಐದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಹತ್ತು ಎಂದರೆ ಇಲ್ಲಿ ಮಧ್ಯಾಹ್ನ ಮೂರೂವರೆ.